ಪಾಶ್ಚರನ ಹೆಪ್ಪು

ಲೂಯಿ ಪಾಶ್ಚರನ ಹೆಸರೆತ್ತಿದೊಡನೆ ನಮಗೆ ನೆನಪಾಗುವುದು ಹುಚ್ಚುನಾಯಿಯ ಕಡಿತಕ್ಕೆ ಆತನು ನೀಡಿದ ಲಸಿಕೆ. ಆದರೆ ಆತನ ಜೀವನಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಅದಕ್ಕಿಂತ ಇಪ್ಪತ್ತೆಂಟು ವರ್ಷ ಹಿಂದಿನ ಒಂದು ಚಿಕ್ಕ ಪ್ರಯೋಗದ ಬಳಿ.

ಪಾಶ್ಚರನು 1822ರಲ್ಲಿ ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಬಂದು ತೊಗಲು ಹದಮಾಡಿ ಜೀವಿಸುತ್ತಿದ್ದವನು. ಹರಳುಗಳ ರಚನೆಯನ್ನು ಕುರಿತ ಸಂಶೋಧನೆಯಿಂದ ಎಳೆಯ ವಯಸ್ಸಿನಲ್ಲಿಯೇ ಹೆಸರು ಪಡೆದ ಮಗನು 1854ರಲ್ಲಿ ಲೀಲ್ ನಗರದ ವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದನು. ಅದು ಕಾರ್ಖಾನೆಗಳ ಊರು. ಬೀಟ್ ಗೆಡ್ಡೆಯ ರಸವನ್ನು ಹುದುಗಿಸಿ ಮದ್ಯಸಾರ ತೆಗೆಯುವುದು ಅಲ್ಲಿನ ಉದ್ಯಮಗಳಲ್ಲೊಂದು. 1856ರಲ್ಲಿ ಶಿಷ್ಯನೊಬ್ಬನ ತಂದೆ, ಬಿಗೋ ಎಂಬ ಉದ್ಯಮಿ, ತನ್ನ ತೊಟ್ಟಿಗಳ ರಸ ಕೆಡುತ್ತಿದೆಯೆಂದು ಮೊರೆಯಿಟ್ಟನು. ಪಾಶ್ಚರನು ತಾನೇ ಕಾರ್ಖಾನೆಗೆ ನಡೆದು, ಮಾದರಿಗಳನ್ನು ತಂದು ಸೂಕ್ಷ್ಮದರ್ಶಕದಲ್ಲಿ ನೋಡತೊಡಗಿದನು. ಪ್ರಾಧ್ಯಾಪಕರು ಕಾರ್ಖಾನೆಯ ಹೊಸ್ತಿಲು ತುಳಿಯುವುದು ಇಂದಿಗೂ ಅಪರೂಪವೆಂಬುದನ್ನು ಇಲ್ಲಿ ಹೇಳಬಹುದು.

ಆ ಕಾಲದ ರಸಾಯನಶಾಸ್ತ್ರಕ್ಕೆ ಜರ್ಮನಿಯ ಲೀಬಿಗ್ ಗುರುಸಮಾನನು. ನಿರ್ಜೀವ ಪದಾರ್ಥವೊಂದು ಕೊಳೆಯುವಾಗ ಅದರೊಡನೆ ಸಕ್ಕರೆಯೂ ಒಡೆಯುತ್ತದೆ, ಅದೇ ಹುದುಗುವಿಕೆ, ಅದರಲ್ಲಿ ಜೀವಕ್ಕೆ ಪಾತ್ರವಿಲ್ಲ ಎಂಬುದು ಆತನ ಮತ. ಪಾಶ್ಚರನು ವಾದಕ್ಕಿಳಿಯದೆ ಅಡಿಗೆಗಿಳಿದನು. ಬಿಯರ್ ತಯಾರಿಕೆಯ ಯೀಸ್ಟನ್ನು ಅದರ ಹದಿನೈದು ಇಪ್ಪತ್ತು ಪಾಲು ನೀರಿನಲ್ಲಿ ಕುದಿಸಿ ಸೋಸಿದನು. ಲೀಟರಿಗೆ 50ರಿಂದ 100 ಗ್ರಾಂ ಸಕ್ಕರೆ ಕರಗಿಸಿದನು. ಸೀಮೆಸುಣ್ಣದ ಪುಡಿ ಬೆರೆಸಿದನು. ಹುಳಿತ ಬೇರೊಂದು ದ್ರವದ ತಳದಿಂದ ಬೂದುಬಣ್ಣದ ವಸ್ತುವನ್ನು ಇಷ್ಟೇ ಇಷ್ಟು ತೆಗೆದು ಅದಕ್ಕೆ ಹಾಕಿ, 30–35 ಡಿಗ್ರಿ ಶಾಖದಲ್ಲಿ ಇಟ್ಟನು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವಂತೆಯೇ. ಮರುದಿನ ದ್ರವ ಜೀವಂತವಾಗಿ ಹುದುಗುತ್ತಿತ್ತು, ಬೂದುವಸ್ತು ಬೆಳೆದಿತ್ತು. ಕೊಳೆಯುವ ಪದಾರ್ಥವೆಂದು ಲೀಬಿಗ್ ಪಂಥದವರು ಕರೆದದ್ದು ಸೂಕ್ಷ್ಮಜೀವಿಯ ಆಹಾರವಾಗಿತ್ತು! 1857ರ ಆಗಸ್ಟಿನಲ್ಲಿ ಲೀಲ್ ನಗರದ ವಿಜ್ಞಾನ ಸಂಘದ ಮುಂದೆ ಆತನು ಈ ಪ್ರಬಂಧವನ್ನು ಓದಿದನು.

ಈ ಪಾಕದ ಜಾಣ್ಮೆ ಈಗ ಇನ್ನೂ ಸ್ಪಷ್ಟವಾಗಿದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಊಟದಲ್ಲಿ ಬಹಳ ನಾಜೂಕಿನವು. ಬರಿಯ ಸಕ್ಕರೆ ಅವಕ್ಕೆ ಸಾಲದು. ಅಮೈನೋ ಆಮ್ಲಗಳೂ ಬಿ ಜೀವಸತ್ವಗಳೂ ಬೇಕು. ಯೀಸ್ಟಿನ ಕಷಾಯ ಅವೆರಡನ್ನೂ ಒದಗಿಸಿತು. ಅವು ತಾವೇ ಸುರಿಸುವ ಆಮ್ಲದಿಂದ ತಾವೇ ಕುಗ್ಗುವುದನ್ನು ಸೀಮೆಸುಣ್ಣ ತಡೆಯಿತು. 1960ರಿಂದ ಪ್ರಯೋಗಶಾಲೆಗಳಲ್ಲಿ ಬಳಕೆಯಾಗುತ್ತಿರುವ ಇವುಗಳ ಸಿದ್ಧ ಆಹಾರದಲ್ಲಿ ಮಾಂಸಸಾರ, ಪೆಪ್ಟೋನ್, ಯೀಸ್ಟ್ ಸಾರ ಎಲ್ಲವೂ ಉಂಟು; ಬೆಲೆಯೂ ಅಷ್ಟೇ ಉಂಟು. ಆದುದರಿಂದ ಪ್ರೋಬಯೋಟಿಕ್ ಬ್ಯಾಕ್ಟೀರಿಯಾವನ್ನು ಅಗ್ಗದಲ್ಲಿ ಬೆಳೆಸಬಯಸುವವರು ಸಕ್ಕರೆಗಾಗಿ ಕಾಕಂಬಿಯನ್ನೂ ಚೀಸ್ ತಯಾರಿಕೆಯಲ್ಲಿ ಉಳಿಯುವ ಹಾಲಿನ ನೀರನ್ನೂ, ಸಾರಜನಕಕ್ಕಾಗಿ ಮೆಕ್ಕೆಜೋಳ ನೆನೆಸಿದ ನೀರನ್ನೂ ಬಿಯರ್ ಕಾರ್ಖಾನೆಯ ಉಳಿಕೆ ಯೀಸ್ಟನ್ನೂ ಪರೀಕ್ಷಿಸುತ್ತ ಬಂದಿದ್ದಾರೆ. ಸಕ್ಕರೆಯ ಮೂಲ ಸುಲಭವಾಗಿ ದೊರೆಯುತ್ತದೆ, ಕಷ್ಟವಿರುವುದು ಸಾರಜನಕದಲ್ಲಿ. ಪಾಶ್ಚರನು ಹುಡುಕಿದ್ದು ಮಿತವ್ಯಯವನ್ನಲ್ಲ, ಸತ್ಯವನ್ನು. ಆದರೂ ಆತನ ಕೈ ಹೋದದ್ದು ಊರಿನ ಉದ್ಯಮಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ವಸ್ತುವಿನ ಕಡೆಗೇ.

ಮುಂದಿನ ಬದುಕು ಕೀರ್ತಿಯದೂ ಹೌದು, ಕಣ್ಣೀರಿನದೂ ಹೌದು. 1859ರಿಂದ 1866ರೊಳಗೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತು. ಲಸಿಕೆಗಳ ಕೆಲಸವೆಲ್ಲ ಆ ಮೇಲಿನದು. 1888ರಲ್ಲಿ ಪ್ಯಾರಿಸಿನಲ್ಲಿ ಆತನ ಹೆಸರಿನ ಸಂಸ್ಥೆ ತೆರೆಯಿತು; ಅದೇ ವರ್ಷ ರಷ್ಯಾದ ಮೆಚ್ನಿಕಾಫನು ಅಲ್ಲಿ ಬಂದು ಸೇರಿದನು. ಹುಳಿಹಾಲಿನ ಬ್ಯಾಕ್ಟೀರಿಯಾ ಮನುಷ್ಯನ ಕರುಳಿಗೆ ಹಿತವೆಂದೂ ಮುಪ್ಪನ್ನು ದೂರವಿಡಬಹುದೆಂದೂ ಪ್ರತಿಪಾದಿಸುವ ಗ್ರಂಥವನ್ನು ಮೆಚ್ನಿಕಾಫನು 1907ರಲ್ಲಿ ಹೊರತಂದಾಗ, ಪಾಶ್ಚರನು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು.