ರಘುನಂದನ್ ಸರನ್

ರಘುನಂದನ್ ಸರನ್ ಭಾರತದ ಸ್ವಾತಂತ್ರ್ಯ ಹೋರಾಟಗಾರರು ಹಾಗೂ ಉದ್ಯಮಿ. ಅಶೋಕ್ ಲೇಲ್ಯಾಂಡ್ ಸಂಸ್ಥೆಯ ಮೂಲವಾದ ಅಶೋಕ್ ಮೋಟಾರ್ಸ್ ಇವರು ಸ್ಥಾಪಿಸಿದ್ದು. ಬ್ರಿಟನ್ನಿನ ಲೇಲ್ಯಾಂಡ್ ಕಾಮೆಟ್ ವಾಹನದ ಜೋಡಣೆ ಭಾರತದಲ್ಲಿ ಇವರ ಪ್ರಯತ್ನದಿಂದ ಮೊದಲಾಯಿತು.

ಉದ್ಯಮ

ಪಂಜಾಬ್ ಮೂಲದ ಸರನ್ ಅವರು ಜವಾಹರಲಾಲ್ ನೆಹರೂ ಅವರ ಪ್ರೇರಣೆಯಿಂದ ಕೈಗಾರಿಕೆಯತ್ತ ಹೊರಳಿದರು. 1948ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಸಂಸ್ಥೆಗೆ ತಮ್ಮ ಮಗ ಅಶೋಕನ ಹೆಸರನ್ನೇ ಇಟ್ಟರು. ಎಣ್ಣೂರಿನ ಕಾರ್ಖಾನೆಯಲ್ಲಿ ಮೊದಲು ಜೋಡಣೆಯಾದುದು ಇಂಗ್ಲೆಂಡಿನ ಆಸ್ಟಿನ್ ಎ40 ಕಾರು. ಆದರೆ ಕಾರು ಕೊಳ್ಳಬಲ್ಲವರು ಎಷ್ಟು ಜನ? ಹೊಸ ದೇಶಕ್ಕೆ ಕಾರಿಗಿಂತ ಲಾರಿ, ಬಸ್ಸುಗಳ ಅಗತ್ಯವೇ ಹೆಚ್ಚೆಂದು ಸರನ್ ಮನಗಂಡರು. ಅವರ ದೂರದೃಷ್ಟಿ ಇರುವುದು ಇಲ್ಲಿಯೇ ಎನ್ನಬೇಕು. ಲಂಕಾಷೈರಿನ ಲೇಲ್ಯಾಂಡ್ ಮೋಟಾರ್ಸ್‌ನೊಡನೆ ಮಾತುಕತೆ ನಡೆದು, 1950ರಲ್ಲಿ ಕಾಮೆಟ್ ಜೋಡಣೆಯ ಹಕ್ಕು ದೊರೆಯಿತು.

ಕಾಮೆಟ್

ಎರಡನೆಯ ಮಹಾಯುದ್ಧದಲ್ಲಿ ಲೇಲ್ಯಾಂಡ್ ತಯಾರಿಸಿದ ಕಾಮೆಟ್ ಟ್ಯಾಂಕಿನ ಹೆಸರನ್ನೇ ಯುದ್ಧಾನಂತರ ಈ ವಾಹನಕ್ಕೂ ಇಡಲಾಯಿತು. ಉದ್ದನೆಯ ಎರಡು ಉಕ್ಕಿನ ತೊಲೆಗಳ ಚಾಸಿ, ಮುಂಭಾಗದಲ್ಲಿ ಡೀಸೆಲ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ: ಇಷ್ಟು ಸರಳ ರಚನೆ. ಕಾಮೆಟ್ 350ರಲ್ಲಿನ ಸಂಖ್ಯೆ ಎಂಜಿನ್ನಿನ ಗಾತ್ರವನ್ನು ಘನ ಅಂಗುಲಗಳಲ್ಲಿ ಸೂಚಿಸುತ್ತದೆ. ಅದು ಸುಮಾರು 5.7 ಲೀಟರ್. ಚಾಸಿಯೊಂದನ್ನೇ ಕೊಂಡು ಅದರ ಮೇಲೆ ಲಾರಿಯ ತೊಟ್ಟಿಯನ್ನಾಗಲಿ ಒಂದಂತಸ್ತಿನ ಬಸ್ಸಿನ ಬಾಡಿಯನ್ನಾಗಲಿ ಸ್ಥಳೀಯ ಬಡಗಿ, ಕಮ್ಮಾರರಿಂದ ಕಟ್ಟಿಸಬಹುದಾಗಿತ್ತು. ಹೊರದೇಶದ ವಾಹನ ನಮ್ಮ ರಸ್ತೆಗೆ ಒಗ್ಗಿದ್ದು ಹೀಗೆ. 1951ರಲ್ಲಿ ಎಣ್ಣೂರಿನಲ್ಲಿ ಮೊದಲು ಜೋಡಿಸಿದ ನಾಲ್ಕು ಕಾಮೆಟ್ ಟಿಪ್ಪರುಗಳು ಮಾರಾಟವಾದದ್ದು ಮಂಗಳೂರಿನ ಹೆಂಚಿನ ಕಾರ್ಖಾನೆಗೆ ಎಂಬುದು ಕನ್ನಡಿಗರಿಗೆ ಆಸಕ್ತಿಯ ಸಂಗತಿ.

ನಿಧನ ಮತ್ತು ನಂತರ

ಲೇಲ್ಯಾಂಡಿನೊಡನೆ ಪೂರ್ಣ ಪಾಲುದಾರಿಕೆ ಕೈಗೂಡುವ ಮೊದಲೇ ಸರನ್ ವಿಮಾನ ಅಪಘಾತದಲ್ಲಿ ಮಡಿದರು. ಸ್ಥಾಪಕನಿಲ್ಲದ ಸಂಸ್ಥೆ ಮುಳುಗುವ ಸಂಭವವಿತ್ತು. ಮದ್ರಾಸ್ ಸರ್ಕಾರವೂ ಉಳಿದ ಪಾಲುದಾರರೂ ಮಾತುಕತೆಯನ್ನು ಮುಂದುವರಿಸಿ ಒಪ್ಪಂದವನ್ನು ಪೂರೈಸಿದರು. ಲೇಲ್ಯಾಂಡ್ ಬಂಡವಾಳ ಹೂಡಿತು. ಸಂಸ್ಥೆ ಅಶೋಕ್ ಲೇಲ್ಯಾಂಡ್ ಆಯಿತು. ತಂದೆ ಇಟ್ಟ ಮಗನ ಹೆಸರು ಹಾಗೆಯೇ ಉಳಿಯಿತು.

ಹಾವೇರಿ ಸೀಮೆಯಲ್ಲಿ

ಸರನ್ ಕಾರ್ಖಾನೆ ತೆರೆದ 1948ರಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳನ್ನು ಹಾದುಹೋಗುತ್ತದೆ. ಮೆಣಸಿನಕಾಯಿಯ ಪೇಟೆ ಬ್ಯಾಡಗಿಗೆ ಮೋಟೆಬೆನ್ನೂರಿನಿಂದ ಒಳಕ್ಕೆ ತಿರುಗಬೇಕು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. 1997ರಿಂದ ಇಲ್ಲಿನ ಬಸ್ಸುಗಳು ಹುಬ್ಬಳ್ಳಿ ಕೇಂದ್ರವಾಗಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿವೆ. ಅವುಗಳಲ್ಲಿ ಅಶೋಕ್ ಲೇಲ್ಯಾಂಡ್ ಚಾಸಿಯ ಬಸ್ಸುಗಳೂ ಇವೆ.