ಎರಡನೇ ಸಲದ ಲಂಡನ್

ನಮ್ಮ ಹಾಸ್ಟೆಲಿನಲ್ಲಿ ಒಂದು ಮಾತು ಆಗಾಗ ಬರುತ್ತದೆ. ಹೊರದೇಶದಲ್ಲಿ ಎಂ.ಎಸ್. ಮಾಡೋದಿದ್ರೆ ಮದುವೆಗೆ ಮುಂಚೆನೇ ಮುಗಿಸ್ಬೇಕು, ಆಮೇಲೆ ಮಕ್ಕಳು ಮರಿ ಅಂತ ಸಿಕ್ಕಾಕೊಂಡ್ರೆ ಆಗಲ್ಲ. ಅಥಣಿ ಕಡೆಯ ಅನಂತಪುರದ ಗೆಳೆಯರಿಂದ ಹಿಡಿದು ಬೆಂಗಳೂರಿನವರವರೆಗೆ ಎಲ್ಲರೂ ತಲೆಯಾಡಿಸುತ್ತೇವೆ. ಏಪ್ರಿಲ್ 14ಕ್ಕೆ ನಾವು ಹಾರ ಹಾಕುವ ಫೋಟೋದಲ್ಲಿರುವವರು ಸಂಸಾರ ಕಟ್ಟಿಕೊಂಡೇ ಓದಲು ಹೋದವರು ಅನ್ನೋದು ಮಾತ್ರ ಆಗ ನೆನಪಾಗುವುದಿಲ್ಲ.

1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರ್ ಅವರು ಕೊಲಂಬಿಯಾಕ್ಕೆ ಹೊರಟಾಗ ಮಗ ಯಶವಂತನಿಗೆ ಇನ್ನೂ ವರ್ಷ ತುಂಬಿರಲಿಲ್ಲ. 1916ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದರು. ಮರುವರ್ಷ ವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ನಿಂತಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದಲ್ಲಿ ಸಮುದ್ರದ ಪಾಲಾದವು. ಬರೋಡಾದಲ್ಲಿ ಕೆಲಸವೇನೋ ಸಿಕ್ಕಿತು, ಆದರೆ ಜಾತಿಯ ಕಾರಣಕ್ಕೆ ಇರಲು ಒಂದು ಕೋಣೆ ಸಿಗದೆ ಮುಂಬೈಗೆ ಮರಳಿದರು.

ಪೋಸ್ಟರುಗಳಲ್ಲಿ ಡಿಗ್ರಿಗಳ ಪಟ್ಟಿ ಇರುತ್ತದೆ. ನಮಗೆ ಮುಖ್ಯವೆನಿಸುವುದು ಅದರ ಹಿಂದಿನ ಲೆಕ್ಕ. 1918ರಿಂದ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್, ಸಂಬಳ 450 ರೂಪಾಯಿ. ಅಂಥಾ ನೌಕರಿ ಬಿಟ್ಟು ಯಾರಾದ್ರೂ ಹೋಗ್ತಾರಾ? ಅವರು ಹೋದರು. ಪರೇಲ್‌ನ ಚಾಳಿನ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಸಂಬಳದಲ್ಲೇ ಉಳಿಸಿದರು; ಗೆಳೆಯ ನವಲ್ ಭಥೇನಾ 5000 ರೂಪಾಯಿ ಸಾಲ ಕೊಟ್ಟರು; ಕೊಲ್ಹಾಪುರದ ಶಾಹೂ ಮಹಾರಾಜರೂ ನೆರವಾದರು. ಅದೇ 1920ರ ಮಾರ್ಚಿನಲ್ಲಿ, ನಮ್ಮ ನಿಪ್ಪಾಣಿಯಿಂದ ಬಹಳ ದೂರವಿಲ್ಲದ ಮಾಣಗಾಂವ್‌ನ ಸಮ್ಮೇಳನದಲ್ಲಿ ಮಹಾರಾಜರು ಇವರನ್ನು ಜನರ ಮುಂದೆ ನಾಯಕ ಎಂದು ತೋರಿಸಿದ್ದರು. ಜುಲೈನಲ್ಲಿ ಹಡಗು ಹತ್ತಿದಾಗ ವಯಸ್ಸು 29. ಯಶವಂತನಿಗೆ ಏಳು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಜೊತೆಗೆ ಗ್ರೇಸ್ ಇನ್‌ನಲ್ಲಿ ಕಾನೂನು. ಬೆಳಿಗ್ಗೆಯಿಂದ ಬಾಗಿಲು ಹಾಕುವವರೆಗೆ ಬ್ರಿಟಿಷ್ ಮ್ಯೂಸಿಯಂನ ಓದುಕೋಣೆ. ಮಧ್ಯಾಹ್ನದ ಊಟ ಎಷ್ಟೋ ದಿನ ಇಲ್ಲ. ರಾತ್ರಿ ಹಸಿವಾದರೆ ಹಪ್ಪಳ. ತಮಾಷೆಯೋ ದುರಂತವೋ ನೋಡಿ, ಅವರು ಸಂಶೋಧನೆಗೆ ಆರಿಸಿಕೊಂಡದ್ದು ರೂಪಾಯಿಯ ಸಮಸ್ಯೆ, ಅದೇ ಹೊತ್ತಿಗೆ ರೂಪಾಯಿ ಬಿತ್ತು. 1920ರಲ್ಲಿ 2 ಶಿಲಿಂಗ್ ಎಂದು ನಿಗದಿಯಾದದ್ದು ಮರುವರ್ಷ 1 ಶಿಲಿಂಗ್ 4 ಪೆನ್ನಿಯ ಆಸುಪಾಸಿಗೆ ಇಳಿಯಿತು. ಊರಿನಿಂದ ತಂದ ದುಡ್ಡು ಕರಗಿ, ಶಾಹೂ ಮಹಾರಾಜರಿಗೆ ಪತ್ರ ಬರೆದು 200 ಪೌಂಡ್ ಸಾಲ ಕೇಳಬೇಕಾಯಿತು. ಡಾಲರ್ ರೇಟ್ ನೋಡಿ ನಿದ್ದೆಗೆಡುವ ನಮ್ಮ ಸೀನಿಯರ್‌ಗಳಿಗೆ ಇದು ಅರ್ಥವಾದೀತು.

1921ರಲ್ಲಿ ಎಂ.ಎಸ್ಸಿ., ಮರುವರ್ಷ ಬ್ಯಾರಿಸ್ಟರ್. ಡಿ.ಎಸ್ಸಿ. ಪ್ರಬಂಧವನ್ನು ಮಾತ್ರ ತಿದ್ದಿ ಕೊಡಿ ಎಂದು ವಾಪಸ್ ಮಾಡಿದರು. ಬ್ರಿಟಿಷ್ ಆಡಳಿತದ ಮೇಲಿನ ಟೀಕೆ ಖಾರವಾಗಿತ್ತಂತೆ. ಅಲ್ಲಿ ಕೂತು ತಿದ್ದಲು ಕೈಯಲ್ಲಿ ದುಡ್ಡಿಲ್ಲ. 1923ರ ಏಪ್ರಿಲ್‌ನಲ್ಲಿ ಮುಂಬೈಗೆ ಬಂದು, ಇಲ್ಲಿಂದಲೇ ತಿದ್ದಿ ಕಳಿಸಿದರು. ವರ್ಷ ಮುಗಿಯುವುದರೊಳಗೆ ಪದವಿ ಬಂತು.

ಅಷ್ಟು ದಿನ ಮನೆ ನಡೆಸಿದವರು ರಮಾಬಾಯಿ. ಗಂಡ ಹೊರಟಾಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಫೀಸು ಕಟ್ಟಿದ್ದು ಭಥೇನಾ, ಮಹಾರಾಜರು ಅಂತ ನಾವು ಬರೆದೆವು. ಇವರು ಕಟ್ಟಿದ್ದಕ್ಕೆ ರಸೀದಿ ಇಲ್ಲ. ಹೆತ್ತ ಮಕ್ಕಳಲ್ಲಿ ಯಶವಂತನೊಬ್ಬ ಉಳಿದ.

1925ರ ಏಪ್ರಿಲ್‌ನಲ್ಲಿ ಬಹಿಷ್ಕೃತರ ಪ್ರಾಂತೀಯ ಸಮ್ಮೇಳನಕ್ಕೆ ಬಾಬಾಸಾಹೇಬರು ನಿಪ್ಪಾಣಿಗೆ ಬಂದರು. ಮರುವರ್ಷ ಕಿರಿಯ ಮಗ ರಾಜರತ್ನ ತೀರಿಕೊಂಡ. 1935ರ ಮೇ 27ರಂದು ರಮಾಬಾಯಿ ಹೋದರು. ಐದು ವರ್ಷದ ನಂತರ ಅವರು ಪಾಕಿಸ್ತಾನದ ಬಗ್ಗೆ ಪುಸ್ತಕ ಬರೆದಾಗ ಅದನ್ನು ಅರ್ಪಿಸಿದ್ದು ಹೆಂಡತಿಯ ನೆನಪಿಗೆ. ಅಲ್ಲಿ ಅಚ್ಚಾಗಿರುವುದು ಮನೆಯಲ್ಲಿ ಕರೆಯುತ್ತಿದ್ದ ಹೆಸರು, ರಾಮು.