ಕ್ಯಾಮೆರಾದ ಕಣ್ಣನ್ನು ಅರಿತ ಪ್ರಸಾಧಕ

ರಷ್ಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಜನಿಸಿದ ಮ್ಯಾಕ್ಸ್ ಫ್ಯಾಕ್ಟರ್, ತಮ್ಮ ಜನಾಂಗಕ್ಕೆ ಅಲ್ಲಿ ನೆಮ್ಮದಿಯಿಲ್ಲದ ಕಾಲದಲ್ಲಿ, 1904ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. 1908ರಲ್ಲಿ ಲಾಸ್ ಏಂಜಲೀಸ್ ಸೇರಿ, ನಟರಿಗೆ ವಿಗ್ಗು, ಬಣ್ಣ ಒದಗಿಸತೊಡಗಿದರು.

ನಾಟಕದ ದಪ್ಪ ಬಣ್ಣ ಕ್ಯಾಮೆರಾದ ಮುಂದೆ ಬಿರುಕು ಬಿಟ್ಟಂತೆ ಕಾಣುತ್ತಿತ್ತು. 1914ರಲ್ಲಿ ಅವರು ಚಲನಚಿತ್ರಕ್ಕೆಂದೇ ತೆಳುವಾದ ಲೇಪವನ್ನು ಸಿದ್ಧಪಡಿಸಿದರು. ಅಂದಿನ ಫಿಲ್ಮ್ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗಿ, ನೀಲಿ ಕಣ್ಣು ಬಿಳಿಚಿಕೊಂಡಂತೆ ಮೂಡುತ್ತಿದ್ದವು. 1920ರ ದಶಕದ ಕೊನೆಗೆ ಎಲ್ಲ ವರ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮ್ ಮತ್ತು ಟಂಗ್‌ಸ್ಟನ್ ದೀಪಗಳು ಬಂದಾಗ ಹಳೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಫ್ಯಾಕ್ಟರ್ 1928ರಲ್ಲಿ ಹೊಸ ವರ್ಣಶ್ರೇಣಿಯನ್ನೇ ರೂಪಿಸಿದರು.

ಟೆಕ್ನಿಕಲರ್ ಬಂದಾಗ ಮತ್ತೊಂದು ತೊಡಕು ಎದುರಾಯಿತು. ಲೇಪದ ಹೊಳಪು ಸುತ್ತಲಿನ ಉಡುಪು, ಪರದೆಗಳ ಬಣ್ಣವನ್ನು ಮುಖದ ಮೇಲೆ ಪ್ರತಿಫಲಿಸುತ್ತಿತ್ತು. ಮಗ ಫ್ರಾಂಕ್ ನೆರವಿನಿಂದ ರೂಪುಗೊಂಡ, ಹೊಳಪಿಲ್ಲದ ‘ಪ್ಯಾನ್-ಕೇಕ್’ 1937ರಲ್ಲಿ ತೆರೆಗೆ ಬಂದಿತು. ಅನಂತರ ಸಾಮಾನ್ಯ ಮಹಿಳೆಯರ ಕೈಗೂ ತಲುಪಿತು. ಮರುವರ್ಷವೇ ಫ್ಯಾಕ್ಟರ್ ನಿಧನರಾದರು.

ಅಳತೆಗೋಲು ಬದಲಾದಾಗ ಹಳೆಯ ಲೆಕ್ಕಕ್ಕೇ ಜೋತುಬೀಳುವುದು ಮನುಷ್ಯ ಸ್ವಭಾವ. ಫ್ಯಾಕ್ಟರ್ ಮೂರು ಬಾರಿ ಹೊಸದಾಗಿ ಆರಂಭಿಸಿದರು. ಪ್ರೇಕ್ಷಕರ ಕಣ್ಣಿಗೆ ಬೀಳದಿರುವುದೇ ಅವರ ದುಡಿಮೆಯ ಸಾರ್ಥಕತೆಯಾಗಿತ್ತು.